ಕೆಸ್ಲರನ ಗೋಡೆಗಳು

ನನ್ನನ್ನು ಕೆಲಸದಿಂದ ತೆಗೆದುಹಾಕಿದಷ್ಟು ಸಲ ಈ ಲಾಸ್ ಏಂಜಲೀಸಿನಲ್ಲಿ ಸೂರ್ಯ ಕೂಡ ಮುಳುಗಿಲ್ಲ. ನಂಬದಿದ್ದರೆ ಬಿಡಿ. ನನ್ನ ಹೆಸರು ಒಬ್ದೂಲಿಯಾ. ಮೆಕ್ಸಿಕೋದ ಪುಯೆಬ್ಲಾ ಕಡೆಯವಳು. ನಾನು ಜಿಪ್ಸಂ ಹಲಗೆ ತಲೆಯ ಮೇಲೆ ಹೊತ್ತು ಏಣಿ ಹತ್ತಿದರೆ ವಿಮಾನಗಳು ಪಕ್ಕಕ್ಕೆ ಸರಿಯುತ್ತವೆ. ನಾನು ಇಲ್ಲಿ ಹೊಡೆದ ಮೊಳೆ ಪಕ್ಕದ ಬೀದಿಯ ಗೋಡೆಯಲ್ಲಿ ಮೂತಿ ತೋರಿಸುತ್ತದೆ. ಇಂಥ ನನ್ನನ್ನು ಕೆಸ್ಲರ್ ಎಂಬ ಹಲ್ಕಟ್ ಕಂಟ್ರಾಕ್ಟರ್ ಬೆಳಿಗ್ಗೆ ಕೆಲಸದಿಂದ ಓಡಿಸುತ್ತಿದ್ದ, ಮಧ್ಯಾಹ್ನ ಮತ್ತೆ ಕರೆಸಿಕೊಳ್ಳುತ್ತಿದ್ದ.

ಅದು ಅವನ ನಾಟಕ.

ಇಲ್ಲಿನ ಮನೆಗಳು ಮರದವು. ಮೊದಲು ಮರದ ಅಸ್ಥಿಪಂಜರ ನಿಲ್ಲಿಸುತ್ತೇವೆ. ಅದರೊಳಗೆ ವೈರು, ಪೈಪು. ಗೋಡೆಯನ್ನು ಅಡಿಪಾಯಕ್ಕೆ ಕಚ್ಚಿ ಹಿಡಿಯುವ ದಪ್ಪ ಕಬ್ಬಿಣದ ಪಟ್ಟಿ. ಈ ನೆಲ ಆಗಾಗ ಮೈ ಕೊಡವುತ್ತದೆ. ಆ ಪಟ್ಟಿ ಇಲ್ಲದಿದ್ದರೆ ಮನೆ ಮಲಗಿದವರ ಮೇಲೆಯೇ ಮಲಗುತ್ತದೆ. ಆದ್ದರಿಂದ ನಗರಸಭೆಯ ಕಟ್ಟಡ ಇನ್ಸ್‌ಪೆಕ್ಟರ್ ಬಂದು ಎಲ್ಲವನ್ನೂ ಕಣ್ಣಾರೆ ನೋಡಬೇಕು. ನೋಡಿದ ಮೇಲೆಯೇ ಹಲಗೆ ಹೊಡೆದು ಮುಚ್ಚಬೇಕು. ಇದು ನಿಯಮ. ಕೆಸ್ಲರನಿಗೆ ಕಬ್ಬಿಣ ಅಂದರೆ ಖರ್ಚು. ಪಟ್ಟಿಯನ್ನು ಒಂದೇ ಒಂದು ಮೂಲೆಗೆ ಹಾಕಿಸುತ್ತಿದ್ದ. ಇನ್ಸ್‌ಪೆಕ್ಟರ್ ಬರುವ ಮುಂಚೆಯೇ ಎಲ್ಲ ಮುಚ್ಚಿಸುತ್ತಿದ್ದ. ಇನ್ಸ್‌ಪೆಕ್ಟರ್ ಬಂದು ಸಿಡುಕಿದರೆ, ನಮ್ಮಲ್ಲೊಬ್ಬರ ಕಡೆ ಬೆರಳು ತೋರಿಸಿ ಕೂಗುತ್ತಿದ್ದ: "ಇವಳೇ ಸಾರ್, ಹೇಳ್ದೆ ಕೇಳ್ದೆ ಮುಚ್ಚಿದ್ದು! ನಡಿ ಆಚೆ! ಕೆಲಸದಿಂದ ತೆಗ್ದಿದೀನಿ!"

ಬೆರಳಿಗೆ ಸಿಕ್ಕವರು ಕೈಗವಸು ಕಳಚಬೇಕು, ಅಳಬೇಕು, ಬೆಟ್ಟ ಇಳಿದು ಹೋಗಬೇಕು. ತಿರುವಿನಲ್ಲಿ ಕಾಗದದ ಹೂವಿನ ಪೊದೆಯ ಹಿಂದೆ ಅಡಗಿ ಕೂರಬೇಕು. ಇತ್ತ ಕೆಸ್ಲರ್ ಆ ಒಂದೇ ಒಂದು ಪ್ರಾಮಾಣಿಕ ಮೂಲೆಯಲ್ಲಿ ತೂತು ಕೊರೆಸುತ್ತಿದ್ದ. ಇನ್ಸ್‌ಪೆಕ್ಟರ್ ಇಣುಕಿ ನೋಡುತ್ತಿದ್ದ. ಪಟ್ಟಿ ಇದೆ. ಸಹಿ ಬಿತ್ತು. ಅವನ ಕಾರು ಬೆಟ್ಟ ಇಳಿದ ಮೇಲೆ ಪೊದೆಯ ಹಿಂದಿನವರನ್ನು ಸಿಳ್ಳೆ ಹೊಡೆದು ಕರೆಯುವುದು. ನಾಯಿಯನ್ನು ಕರೆದ ಹಾಗೆ.

ಅಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾನು ಅತ್ತರೆ ಸಿಮೆಂಟು ಕಲಸಲು ಬೇರೆ ನೀರು ಬೇಕಿರಲಿಲ್ಲ. ಆದರೆ ಆ ಪೊದೆಯ ಹಿಂದೆ ಕೂತಾಗ ಅಳು ಬರುತ್ತಿರಲಿಲ್ಲ. ಹಲ್ಲು ಕಡಿಯುತ್ತಿದ್ದೆ.

ಕೆಸ್ಲರನ ಟ್ರಕ್ಕಿನ ಎರಡೂ ಪಕ್ಕಕ್ಕೆ ಅವನ ಲೈಸೆನ್ಸ್ ನಂಬರು ಬರೆದಿತ್ತು. ಒಂದೊಂದು ಅಂಕಿ ಕುಂಬಳಕಾಯಿ ಗಾತ್ರ. ಅವನು ಸುತ್ತಿಗೆ ಹಿಡಿದದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಮೊಳೆ ನಾಚಿಕೆಯಿಂದ ತಾನೇ ಬಾಗಿತು.

ಮಿಸೆಸ್ ಹಾಲೋವೇ ಅವನನ್ನು ಗೊತ್ತು ಮಾಡಿಕೊಂಡ ದಿನ ನಾವು ಮೂವರೂ ಅವನ ಬೆನ್ನ ಹಿಂದೆಯೇ ನಿಂತಿದ್ದೆವು. ನಾನು, ಚೆಂಚೋ, ದೊನ್ಯಾ ರೆಮೇದಿಯೋಸ್. ಚೆಂಚೋ ಮಗಳ ಜ್ಞಾನಸ್ನಾನದಲ್ಲಿ ಕೂಸಿನ ತಲೆ ಹಿಡಿದವಳು ನಾನು. ಹಾಗಾಗಿ ಅವನಿಗೆ ನಾನು ಕೊಮಾದ್ರೆ. ರೆಮೇದಿಯೋಸ್ ನಮ್ಮೆಲ್ಲರಿಗಿಂತ ಹಿರಿಯಳು, ಅದಕ್ಕೇ ದೊನ್ಯಾ. ಹಲಗೆಯ ಸಂದಿಗೆ ಅವಳು ಗಾರೆ ಎಳೆದರೆ ನೊಣ ಕೂತಲ್ಲಿಂದ ಜಾರಿ ಬೀಳುತ್ತಿತ್ತು.

ಮಿಸೆಸ್ ಹಾಲೋವೇಗೆ ಬೆಟ್ಟದ ಮೇಲೆ ದೊಡ್ಡ ಮನೆ. ಅದರ ಮೇಲೆ ಇನ್ನೊಂದು ಮಹಡಿ ಬೇಕಂತೆ, ಸಮುದ್ರ ಕಾಣಲು. ಆ ಭಾರಕ್ಕೆ ಕೆಳಗಿನ ಗೋಡೆಗಳನ್ನೂ ಬಿಚ್ಚಿ ಬಲಪಡಿಸಬೇಕು.

"ಲೈಸೆನ್ಸ್ ಇದೆ ತಾನೆ?" ಅಂತ ಕೇಳಿದಳು.

ಕೆಸ್ಲರ್ ಎದೆಯ ಜೇಬಿನಿಂದ ಕಾರ್ಡು ತೆಗೆದು, ತಾಯಿತ ತೋರಿಸುವ ಹಾಗೆ ತೋರಿಸಿದ.

"ಯಾಕೆ ಕೇಳ್ದೆ ಅಂದ್ರೆ, ಪಕ್ಕದ್ಮನೆಯವ್ರು ಪೇಂಟ್ ಅಂಗಡಿ ಮುಂದೆ ಕೂಲಿಗೆ ನಿಂತಿರ್ತಾರಲ್ಲ, ಅಂಥವರನ್ನ ಕರ್ಕೊಂಡು ಬಂದು ಮಾಡಿಸ್ಬಿಟ್ರು. ನಾನು ಅಂಥವರನ್ನ ಗೇಟ್ ಒಳಗೂ ಬಿಡಲ್ಲಪ್ಪ."

"ನೀವು ಮಾಡೋದೇ ಸರಿ ಮೇಡಂ," ಅಂದ ಕೆಸ್ಲರ್.

ಅವತ್ತು ಬೆಳಿಗ್ಗೆ ಅವನು ನಮ್ಮನ್ನು ಟ್ರಕ್ಕಿಗೆ ಹತ್ತಿಸಿಕೊಂಡದ್ದು ಅದೇ ಪೇಂಟ್ ಅಂಗಡಿಯ ಮುಂದಿನಿಂದ.

"ಕೊಮಾದ್ರೆ, ನಾವು ಇವಳ ಕಣ್ಣಿಗೆ ಕಾಣಿಸ್ತಾ ಇಲ್ವಾ?" ಅಂತ ಚೆಂಚೋ ನಮ್ಮ ಭಾಷೆಯಲ್ಲಿ ಪಿಸುಗುಟ್ಟಿದ.

"ಸುಮ್ನೆ ಟೇಪ್ ಹಿಡಿ," ಅಂದೆ.

ಕೆಲಸ ಶುರುವಾಯಿತು. ಸೂರಿನವರು, ಪೈಪಿನವರು ಅಂತ ಇನ್ನೂ ಕೆಲವು ಗಂಡಸರು ಸೇರಿಕೊಂಡರು. ಬೇಸಿಗೆ. ಮರುಭೂಮಿಯ ಗಾಳಿ. ಹಲಗೆ ತಂದ ಲಾರಿ ಬೆಟ್ಟದ ತಿರುವು ಹತ್ತದು. ಕೆಳಗಿನಿಂದ ಹೊತ್ತೆವು. ಹೆಗಲ ಚರ್ಮ ಅಂಗಿಗೆ ಅಂಟಿ ಬಂತು. ಮೂಗಿನಿಂದ ಬಿಳಿ ಧೂಳು ಬಂತು, ಆಮೇಲೆ ಕೆಂಪು ಧೂಳು ಬಂತು. ನನ್ನ ಬೆವರಿನಲ್ಲಿ ಆ ಬೆಟ್ಟದ ಕಳ್ಳಿಗಳು ಎರಡು ಸಲ ಹೂ ಬಿಟ್ಟವು.

ಆ ಮನೆಯಲ್ಲಿ ಮೂರು ಪಾಯಿಖಾನೆ ಇದ್ದವು. ಮೂರರೊಳಗಿಂದಲೂ ಹೂವಿನ ವಾಸನೆ. ನಮಗೆ ಮೂರೂ ಇಲ್ಲ. ಕೆಲಸದವರಿಗೆಂದು ಕಂಟ್ರಾಕ್ಟರ್ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಪಾಯಿಖಾನೆ ಬಾಡಿಗೆಗೆ ತಂದು ನಿಲ್ಲಿಸಬೇಕು. ಅದೂ ನಿಯಮವೇ. "ಬರ್ತಾ ಇದೆ," ಅನ್ನುತ್ತಿದ್ದ ಕೆಸ್ಲರ್. ಅದು ಇನ್ನೂ ಬರುತ್ತಲೇ ಇದೆ. ಗಂಡಸರು ಪೊದೆ ನೋಡಿಕೊಂಡರು. ಹೆಂಗಸರು ನಾವಿಬ್ಬರು. ನಾನು ಒಂಟೆಯ ಜಾತಿ, ತಡೆದುಕೊಂಡೆ. ರೆಮೇದಿಯೋಸಳಿಗೆ ಸಕ್ಕರೆ ಕಾಯಿಲೆ.

ಒಂದು ದಿನ ಅವಳು ಅಡುಗೆಮನೆಯ ಬಾಗಿಲು ತಟ್ಟಿ, ಕೈಯನ್ನು ಹೊಟ್ಟೆಯ ಮೇಲಿಟ್ಟು ಕೇಳಿದಳು. ಮಿಸೆಸ್ ಹಾಲೋವೇ ಬಾಗಿಲು ತೆರೆಯಲಿಲ್ಲ, ಗಾಜಿನ ಹಿಂದಿನಿಂದಲೇ ಕೂಗಿದಳು.

"ಮಿಸ್ಟರ್ ಕೆಸ್ಲರ್! ನಿಮ್ಮ ಜನ ಒಳಗೆ ಬರ್ತಾ ಇದ್ದಾರೆ!"

ಅವತ್ತಿನಿಂದ ರೆಮೇದಿಯೋಸ್ ನೀರು ಕುಡಿಯುವುದನ್ನೇ ಬಿಟ್ಟಳು. ಆ ಬಿಸಿಲಲ್ಲಿ. ತುಟಿ ಒಡೆಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ತೊದಲಿತು.

"ಒಂದ್ ಗುಟುಕು ಕುಡೀರಿ ದೊನ್ಯಾ," ಅಂದರೆ, "ಕುಡುದ್ರೆ ಎಲ್ಲಿಗ್ ಹೋಗ್ಲಿ ಮಗಳೇ? ನಿನ್ನ ಟೋಪಿ ಕೊಡ್ತೀಯಾ?" ಅಂತ ನಗುತ್ತಿದ್ದಳು.

ಕೆಳಗಿನ ಗೋಡೆಗಳ ತಪಾಸಣೆಯ ದಿನ ಬಂತು. ಇನ್ಸ್‌ಪೆಕ್ಟರ್ ಬೆದ್ರೋಸಿಯನ್ ಅಂತ, ಅರ್ಮೇನಿಯಾ ಮೂಲದ ಮುದುಕ. ಅವನ ಹುಬ್ಬಿನೊಳಗೆ ಗುಬ್ಬಿ ಗೂಡು ಕಟ್ಟಬಹುದು. ಮುಚ್ಚಿದ ಗೋಡೆ ನೋಡಿ ಆ ಹುಬ್ಬು ಮೇಲೇರಿತು. ಕೆಸ್ಲರನ ಬೆರಳು ಎದ್ದಿತು. ಅವತ್ತು ಅದು ರೆಮೇದಿಯೋಸಳ ಕಡೆ ತಿರುಗಿತು.

ಮಿಸೆಸ್ ಹಾಲೋವೇ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ನೋಡುವವರಿದ್ದರೆ ಕೆಸ್ಲರನಿಗೆ ಉಮೇದು ಜಾಸ್ತಿ. "ಈ ಮುದುಕಿ ಕುಡುಕಿ ಸಾರ್! ಮಾತು ತೊದಲ್ತಾ ಇದೆ ನೋಡಿ!" ಅಂದ. ಅವಳ ಚೀಲ ಕಿತ್ತುಕೊಂಡು ಅಂಗಳದ ಹೊಸ ಕಲ್ಲುಹಾಸಿನ ಮೇಲೆ ಸುರಿದ. ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಬಿತ್ತು. ಹಸಿಮೆಣಸಿನಕಾಯಿ ಬಿತ್ತು. ಕನ್ಯಾಮರಿಯಳ ಚಿಕ್ಕ ಪಟ ಬಿತ್ತು. ಇನ್ಸುಲಿನ್ ಚುಚ್ಚುವ ಸೂಜಿ ಬಿತ್ತು. ಕೆಸ್ಲರ್ ಸೂಜಿಯನ್ನೇ ಎತ್ತಿ ಹಿಡಿದ.

"ನೋಡಿ! ಬರೀ ಕುಡಿತ ಅಲ್ಲ, ಡ್ರಗ್ಸ್ ಬೇರೆ!"

ರೆಮೇದಿಯೋಸ್ ಅಳಲಿಲ್ಲ. ನಿಂತೇ ಇದ್ದಳು. ಅವಳ ಪ್ಯಾಂಟಿನ ಒಳತೊಡೆ ಕಪ್ಪಾಯಿತು. ಆ ಕಪ್ಪು ಮೊಣಕಾಲಿಗೆ ಇಳಿಯಿತು. ಬೂಟಿನ ಮೇಲಿಂದ ಕಲ್ಲುಹಾಸಿಗೆ ಹರಿಯಿತು.

"ನನ್ನ ಕಲ್ಲು!" ಅಂತ ಚೀರಿದಳು ಮಿಸೆಸ್ ಹಾಲೋವೇ.

ಕೆಸ್ಲರ್ ತೋಟದ ಪೈಪು ತಂದ. ಕಲ್ಲು ತೊಳೆದ. ಅವಳ ಬೂಟು ತೊಳೆದ. ಆಮೇಲೆ ನಗುತ್ತ ಪೈಪನ್ನು ಮೇಲಕ್ಕೆತ್ತಿ ಅವಳ ಸೊಂಟದವರೆಗೂ ನೀರು ಬಿಟ್ಟ. ದನ ತೊಳೆಯುವಾಗ ಕೂಡ ಜನ ದನದ ಜೊತೆ ಮಾತಾಡುತ್ತಾರೆ. ಇನ್ಸ್‌ಪೆಕ್ಟರ್ ತನ್ನ ಕೈಯಲ್ಲಿದ್ದ ನಕ್ಷೆ ನೋಡುತ್ತ ನಿಂತ. "ಬಿಟ್ಬಿಡಿ, ಹೋಗ್ಲಿ ಅವಳು," ಅಂದ ಮೆಲ್ಲಗೆ. ಪ್ರಾಮಾಣಿಕ ಮೂಲೆಯಲ್ಲಿ ತೂತು ಬಿತ್ತು. ಸಹಿ ಬಿತ್ತು.

ರೆಮೇದಿಯೋಸ್ ಚೆಲ್ಲಿದ್ದನ್ನು ಚೀಲಕ್ಕೆ ಬಳಿದುಕೊಂಡು ಬೆಟ್ಟ ಇಳಿದಳು. ಇನ್ಸ್‌ಪೆಕ್ಟರನ ಕಾರೂ ಇಳಿಯಿತು. ನಾನು ಸಿಳ್ಳೆಗೆ ಕಾದೆ. ಸಿಳ್ಳೆ ಬರಲಿಲ್ಲ.

"ದೊನ್ಯಾನ ಕರೀಲಿಲ್ವಲ್ಲ ಧಣಿ?"

"ಆ ವಾಸನೆ ಇಟ್ಕೊಂಡಾ? ಮೇಡಂ ಬೇಡ ಅಂದ್ರು."

ಸಂಜೆ ಕೆಲಸ ಬಿಟ್ಟು ಇಳಿಯುವಾಗ ನೋಡಿದೆ. ಪೊದೆಯ ಹಿಂದೆ ಕೂತೇ ಇದ್ದಳು. ಪ್ಯಾಂಟು ಮೈಮೇಲೆಯೇ ಒಣಗಿತ್ತು. ಕೈಗವಸನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡಿದ್ದಳು. ನನ್ನನ್ನು ಕಂಡೊಡನೆ ಎದ್ದಳು.

"ಕರುದ್ನಾ?"

ನಾನು ಮಾತುಗಾತಿ. ಸಂತೆಯಲ್ಲಿ ಗಿಳಿಗೆ ಮಾತು ಕಲಿಸಿದವಳು. ಆ ಒಂದು ಮಾತಿಗೆ ಬರೀ ತಲೆ ಅಲ್ಲಾಡಿಸಿದೆ. ಅವಳ ಕೈಗವಸು ಇಸಿದುಕೊಂಡೆ. ಆ ಕೆಸ್ಲರನ ಲೈಸೆನ್ಸ್ ಕೀಳದೆ ಬಿಡುವುದಿಲ್ಲ ಅಂದುಕೊಂಡೆ. ಅವನ ಹಲ್ಲು ಕೀಳಬಹುದಿತ್ತು. ಹಲ್ಲು ಮತ್ತೆ ಕಟ್ಟಿಸಿಕೊಳ್ಳುತ್ತಾನೆ.

ಮರುದಿನ ಕೆಲಸ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಮೇಲಿನ ಮಹಡಿಯ ತಪಾಸಣೆ ಬಾಕಿ ಇತ್ತು. ಬಾಯಿ ಹೊಲಿದುಕೊಂಡು ಗೋಡೆ ಮುಚ್ಚಿದೆ. ಹಲಗೆ ಹಲಗೆಗೂ ಆ ಲೈಸೆನ್ಸಿನ ಹೆಸರು ಹೇಳಿ ಮೊಳೆ ಹೊಡೆದೆ. ನನ್ನ ಮೊಳೆಯ ಸದ್ದಿಗೆ ಕಣಿವೆಯ ಆಚೆ ನಾಯಿಗಳು ಊರು ಬಿಟ್ಟವು.

ಬೇಸಿಗೆಯ ಕೊನೆಗೆ, ಶಾಲೆ ತೆರೆದ ಮೇಲೆ, ತಪಾಸಣೆಯ ದಿನ ಬಂತು. ಬೆಳಿಗ್ಗೆ ಕೆಸ್ಲರ್ ನನ್ನ ಬಳಿ ಬಂದ.

"ಇವತ್ತು ನಿಂದೇ ಪಾರ್ಟು. ಚೆನ್ನಾಗಿ ಅಳು. ಮೇಡಂ ನೋಡ್ತಾರೆ."

"ನೀವು ಸಾಯೋತಂಕ ಮರೀಬಾರ್ದು ಧಣಿ, ಹಂಗೆ ಮಾಡ್ತೀನಿ."

ಬೆದ್ರೋಸಿಯನ್ ಬಂದ. ಗೋಡೆ ನೋಡಿದ. "ಮತ್ತೆ ಮುಚ್ಚಿದ್ದೀರಾ?" ಅಂದ.

"ಯಾರು ಮುಚ್ಚಿದ್ದು ಇದನ್ನ?" ಕೆಸ್ಲರ್ ಸುತ್ತ ನೋಡಿ, ನನ್ನನ್ನು ಈಗ ತಾನೇ ಕಂಡವನ ಹಾಗೆ ಬೆರಳು ಎತ್ತಿದ. "ನೀನು! ಎಷ್ಟು ಹೇಳಿದ್ರೂ ಇವರಿಗೆ ಅಷ್ಟೇ ಸಾರ್. ನಡಿ! ತೆಗ್ದಿದೀನಿ ನಿನ್ನ!"

ನಾನು ಅಲ್ಲಾಡಲಿಲ್ಲ.

"ತೆಗ್ದ್ರಾ?"

"ತೆಗ್ದೆ. ನಡಿ."

"ಇನ್ಸ್‌ಪೆಕ್ಟರ್ ಸಾಹೇಬ್ರು ಕೇಳೋ ಹಂಗೆ ಹೇಳಿ. ತೆಗ್ದ್ರಾ?"

"ತೆಗ್ದೆ ಅಂದ್ನಲ್ಲ!"

"ಮೇಡಂ, ನೀವೂ ಕೇಳಿಸ್ಕೊಂಡ್ರಿ."

ಮಿಸೆಸ್ ಹಾಲೋವೇ ಕಣ್ಣು ಪಿಳುಕಿಸಿದಳು.

"ಸರಿ. ಇನ್ಮೇಲೆ ನಾನು ನಿಮ್ಮ ಆಳಲ್ಲ. ಈಗ ನನ್ನ ಬಾಯಿ ನಂದು."

ನನ್ನ ಇಂಗ್ಲಿಷಿಗೆ ಎರಡೂ ಕಾಲು ಕುಂಟು. ಅವತ್ತು ಅದು ಓಡಿತು. "ಸಾಹೇಬ್ರೆ, ತೂತು ಆ ಮೂಲೇಲಿ ಬೇಡ. ಈ ಮನೇಲಿ ಸರಿ ಇರೋದು ಅದೊಂದೇ ಮೂಲೆ. ಅದಕ್ಕೇ ಅಲ್ಲಿ ಕೊರೀತಾನೆ. ಇಲ್ಲಿ ಒಡೆಸಿ. ಇಲ್ಲಿ. ಇಲ್ಲಿ. ಮುಚ್ಚಿದ್ದು ನಾನೇ. ಒಳಗೇನಿಲ್ಲ ಅಂತ ನಂಗೊತ್ತು."

"ಅವಳು ಹುಚ್ಚಿ!" ಅಂದ ಕೆಸ್ಲರ್.

"ಇವರ ಹತ್ರ ಲೈಸೆನ್ಸ್ ಇದೆ!" ಅಂದಳು ಮಿಸೆಸ್ ಹಾಲೋವೇ.

ಬೆದ್ರೋಸಿಯನ್ ನನ್ನನ್ನೇ ನೋಡಿದ. "ಆವತ್ತು ಇದ್ದಳಲ್ಲ, ಆ ಹೆಂಗಸು. ಅವಳೆಲ್ಲಿ?"

"ಅವಳು ಕುಡಿದಿರ್ಲಿಲ್ಲ."

"ಗೊತ್ತಿತ್ತು. ನನ್ನ ಹೆಂಡತಿಗೂ ಅದೇ ಸೂಜಿ."

"ಗೊತ್ತಿದ್ದೂ ನಕ್ಷೆ ನೋಡ್ತಾ ನಿಂತ್ರಿ."

ಅವನ ಮುಖ ಹಸಿ ಗಾರೆಯ ಬಣ್ಣಕ್ಕೆ ತಿರುಗಿತು.

ಅಷ್ಟರಲ್ಲಿ ಕೆಸ್ಲರ್ ಫೋನು ಹೊರತೆಗೆದಿದ್ದ. ದನಿ ತಗ್ಗಿಸಿದ. "ವಲಸೆ ಪೊಲೀಸರಿಗೆ ಒಂದೇ ಒಂದು ಫೋನ್ ಮಾಡಿದ್ರೆ, ಕಾಗದ ಇಲ್ಲದ ನೀವೆಲ್ಲ ನಾಳೆ ಗಡಿ ಆಚೆ. ಬೇಕಾ?"

ನಾನು ಸಿಂಹಿಣಿ. ಎಲ್ಲರಿಗೂ ಗೊತ್ತು. ಆದರೆ ಸಿಂಹಿಣಿಗೂ ಮರಿ ಇರುತ್ತದೆ. ನನ್ನ ಮಗಳು ಆ ಹೊತ್ತಿನಲ್ಲಿ ಶಾಲೆಯಲ್ಲಿದ್ದಳು. ನಾನು ಹೋದರೆ ಅವಳನ್ನು ಕರೆತರುವವರು ಯಾರು? ಕೆಸ್ಲರ್ ನಗಲು ಶುರು ಮಾಡಿದ.

ಚೆಂಚೋ ಏಣಿಯಿಂದ ಇಳಿದ. ಅವನು ದೊಡ್ಡ ಪುಕ್ಕಲ. ಜಿರಲೆ ಕಂಡರೆ ಶಿಲುಬೆ ಗುರುತು ಹಾಕಿಕೊಳ್ಳುವವನು. ಕೆಸ್ಲರನ ಮುಂದೆ ಬಂದು ನಿಂತ.

"ಮಾಡಿ ಧಣಿ. ಬಂದವರು ಮೊದ್ಲು ಕೇಳೋದು, ಇವರನ್ನ ಕೆಲಸಕ್ಕಿಟ್ಟೋನು ಯಾರು ಅಂತ. ಹೇಳ್ತೀವಿ." ಆಮೇಲೆ ಕೈಗವಸು ಕಳಚಿ ಅವನ ಕಾಲಬುಡದಲ್ಲಿ ಹಾಕಿದ. "ನನ್ನನ್ನೂ ತೆಗೀರಿ."

ಸೂರಿನ ಮೇಲಿದ್ದವನು ಇಳಿದು ಬಂದ. "ನನ್ನೂ."

ಪೈಪಿನವನು ಬಂದ. "ನನ್ನೂ ತೆಗಿ. ಇವತ್ತು ಸಿಳ್ಳೆ ಹೊಡೀಬೇಡ."

ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕಾಲಬುಡದಲ್ಲಿ ಕೈಗವಸಿನ ಗುಡ್ಡೆ ಬೆಳೆಯಿತು. ಕೆಸ್ಲರ್ ಫೋನನ್ನು ಹಿಡಿದೇ ಇದ್ದ. ಒತ್ತಲಿಲ್ಲ.

ಬೆದ್ರೋಸಿಯನ್ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದ: "ಒಡಿ."

ಒಡೆದೆ. ಅಯ್ಯೋ, ಹೇಗೆ ಒಡೆದೆ ಅಂತ ಹೇಗೆ ಹೇಳಲಿ! ಮೊದಲ ಏಟಿಗೆ ಗೋಡೆ ಬಾಯಿಬಿಟ್ಟಿತು. ಬೆದ್ರೋಸಿಯನ್ ಭುಜದವರೆಗೂ ಕೈ ಒಳಗೆ ಹಾಕಿ ತಡಕಿದ. ಬರಿಗೈ ಹೊರಬಂತು. ಪಕ್ಕದಲ್ಲಿ ಒಡೆದೆ. ಬರಿಗೈ. ಕೆಳಗಿನ ಗೋಡೆಗಳಿಗೆ ಬಂದೆವು. ಅವನು ಹಿಂದೆ ಸಹಿ ಮಾಡಿದ್ದ ಗೋಡೆಗಳು. ಅವನೇ ಜಾಗ ತೋರಿಸಿದ. ಬರಿಗೈ. ಕೆಲಸ ಕಳೆದುಕೊಂಡ ಎಲ್ಲರೂ ಸುತ್ತಿಗೆ ಹಿಡಿದರು. ಧೂಳು ಎದ್ದಿತು ನೋಡಿ, ಸಮುದ್ರದಲ್ಲಿದ್ದ ಹಡಗುಗಳು ಮಂಜು ಅಂತ ತಿಳಿದು ಕೂಗು ಹಾಕಿದವು. ಮಧ್ಯಾಹ್ನದ ಹೊತ್ತಿಗೆ ಆ ಮನೆ ತಿಂದು ಮುಗಿಸಿದ ಮೀನಾಗಿತ್ತು. ಬರೀ ಮುಳ್ಳು.

ಮಿಸೆಸ್ ಹಾಲೋವೇ ಕೆಸ್ಲರನ ಅಂಗಿ ಹಿಡಿದಿದ್ದಳು. "ಲೈಸೆನ್ಸ್ ಇದೆ ಅಂದ್ರಲ್ಲ? ಕಾರ್ಡು ತೋರಿಸಿದ್ರಲ್ಲ?"

ಕೆಲಸ ನಿಲ್ಲಿಸುವ ಕೆಂಪು ಚೀಟಿ ಬಾಗಿಲಿಗೆ ಬಿತ್ತು. ನಾನು ಅಷ್ಟಕ್ಕೆ ತಣಿಯಲಿಲ್ಲ. ಬೆದ್ರೋಸಿಯನ್‌ನ ಕಾರಿನ ಮುಂದಿನ ಸೀಟಿನಲ್ಲಿ, ಧೂಳು ಮೈಯಲ್ಲೇ, ಕೂತೆ.

"ಎಲ್ಲಿಗೆ?" ಅಂದ.

"ನಾನು ಮುಚ್ಚಿದ ಮನೆಗಳಿಗೆ."

ಬೀದಿ ಬೀದಿ ಸುತ್ತಿಸಿದೆ. ಒಂದೊಂದು ಮನೆಯ ಮುಂದೆಯೂ ಇಳಿದು, ಇಲ್ಲಿ ನನ್ನನ್ನು ತೆಗೆದುಹಾಕಿದ್ದ, ಇಲ್ಲಿ ಚೆಂಚೋನನ್ನು, ಪ್ರಾಮಾಣಿಕ ಮೂಲೆ ಆ ಕಡೆ, ಸುಳ್ಳು ಗೋಡೆ ಈ ಕಡೆ ಅಂತ ತೋರಿಸಿದೆ. ಮನೆಯವರು ಹೊರಗೆ ಬಂದರು. ಎಲ್ಲರದೂ ಒಂದೇ ಮಾತು: "ಆದ್ರೆ ಅವನಿಗೆ ಲೈಸೆನ್ಸ್ ಇತ್ತು!" ಆ ಜನರೆಲ್ಲ ಸೇರಿ ಕೆಸ್ಲರನನ್ನು ಹರಿದು ಹಂಚಿಕೊಂಡರು. ಶ್ರೀಮಂತರು ಸಿಟ್ಟಾದರೆ ಕಾನೂನು ಎಷ್ಟು ಬೇಗ ಓಡುತ್ತದೆ ಅಂತ ನಾನು ಆಗಲೇ ನೋಡಿದ್ದು. ಶರತ್ಕಾಲ ಮುಗಿಯುವ ಮುಂಚೆ ಅವನ ಲೈಸೆನ್ಸ್ ಹೋಯಿತು. ಒಂದು ದಿನ ಅವನ ಟ್ರಕ್ಕು ಬಸ್ ನಿಲ್ದಾಣದ ಮುಂದೆ ಸಿಗ್ನಲಿಗೆ ನಿಂತಿತು. ನಂಬರನ್ನು ಕೆರೆದು ತೆಗೆದಿದ್ದ. ಕೆರೆದ ಜಾಗ ಹುಣ್ಣಿನ ಹಾಗೆ ಕಾಣುತ್ತಿತ್ತು. ನಾನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದೆ. ಅವನು ತಿರುಗಿ ನೋಡಿದ. ಅವನ ಕುತ್ತಿಗೆ ಕೆಂಪಾಗಿ ಸಿಗ್ನಲ್ ದೀಪಕ್ಕೇ ನಾಚಿಕೆಯಾಯಿತು.

ನಮಗೇನು ಸಿಕ್ಕಿತು ಅನ್ನುತ್ತೀರಾ? ಏನೂ ಇಲ್ಲ. ಪೇಂಟ್ ಅಂಗಡಿಯ ಮುಂದೆ ವಾಪಸ್ ನಿಂತೆವು. ರೆಮೇದಿಯೋಸ್ ಅಲ್ಲೇ ಪಾತ್ರೆ ಇಟ್ಟುಕೊಂಡು ತಮಾಲೆ ಮಾರತೊಡಗಿದ್ದಳು. ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಆ ಬಿಸಿ ಕಡುಬಿನ ಹಬೆಯಲ್ಲಿ ಕೈ ಕಾಯಿಸಿಕೊಳ್ಳುತ್ತಿದ್ದೆವು.

ನವೆಂಬರಿನಲ್ಲಿ ಮೋಡ ಕಟ್ಟಿತು. ಒಂದು ಬೆಳಿಗ್ಗೆ ಬಿಳಿ ಕಾರು ಬಂದು ನಿಂತಿತು. ಗಾಜು ಇಳಿಯಿತು. ಮಿಸೆಸ್ ಹಾಲೋವೇ. ಗೇಟಿನ ಒಳಗೂ ಬಿಡದವರನ್ನು ಹುಡುಕಿಕೊಂಡು ಗೇಟಿನ ಹೊರಗೆ ಬಂದಿದ್ದಳು.

"ನೀನು... ನೀನೇ ಅಲ್ವಾ, ಒಡೆದೋಳು?"

"ನಾನೇ ಮೇಡಂ. ಕಟ್ಟಿದೋಳೂ ನಾನೇ."

"ಯಾವ ಕಂಟ್ರಾಕ್ಟರೂ ಒಪ್ತಾ ಇಲ್ಲ. ಇನ್ನೊಬ್ಬ ಅರ್ಧ ಮಾಡಿದ್ದಕ್ಕೆ ಲೈಸೆನ್ಸ್ ಇರೋರು ಯಾರೂ ಕೈ ಹಾಕಲ್ವಂತೆ. ಬೇಸಿಗೆ ಬರ್ಲಿ ಅಂತಾರೆ. ಸೂರಿಗೆ ಪ್ಲಾಸ್ಟಿಕ್ ಹೊದಿಸಿದೀನಿ, ಗಾಳಿ ಕಿತ್ಕೊಂಡು ಹೋಗ್ತಿದೆ. ನಿಮಗೆ ಆ ಮನೆ ಗೊತ್ತು. ಸುಮ್ಮನೆ ಬಂದು ಮಾಡ್ಬಿಡಿ. ಯಾರಿಗೂ ಹೇಳೋದು ಬೇಡ."

ಚೆಂಚೋ ನನ್ನ ಮುಖ ನೋಡಿದ. ಅವನಿಗೆ ಆ ವಾರ ಕೆಲಸ ಸಿಕ್ಕಿರಲಿಲ್ಲ. ನನಗೂ ಸಿಕ್ಕಿರಲಿಲ್ಲ. ಒಂದು ಗಳಿಗೆ ನನ್ನ ಹೊಟ್ಟೆಯೇ ಮಾತಾಡಲು ಬಾಯಿಗೆ ಬಂತು.

"ಒಳಗಡೆ ಪಾಯಿಖಾನೆ ಉಪಯೋಗಿಸ್ಬಹುದು," ಅಂದಳು ಮಿಸೆಸ್ ಹಾಲೋವೇ. "ಕೆಳಗಡೇದು." ನಮ್ಮಿಬ್ಬರ ಮುಖ ನೋಡಿ, ರೆಮೇದಿಯೋಸಳ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಅಮ್ಮಾ ಇವರಿಗೆ. ನೀವು ತಿಳಿದವರ ಥರ ಕಾಣ್ತೀರಿ."

ಅವಳಿಗೆ ನಮ್ಮ ದೊನ್ಯಾಳ ಗುರುತು ಹತ್ತಿರಲಿಲ್ಲ. ಒಂದಿಷ್ಟೂ.

ನಾನು ಅವಳ ಮಾತನ್ನು ನಮ್ಮ ಭಾಷೆಯಲ್ಲಿ ಹೇಳಿದೆ. ರೆಮೇದಿಯೋಸ್ ಪಾತ್ರೆಯ ಮುಚ್ಚಳ ಮುಚ್ಚಿ, ಕೈ ಒರೆಸಿಕೊಂಡು ಕಾರಿನ ಬಳಿಗೆ ಬಂದಳು. ಕಿಟಕಿಗೆ ಬಗ್ಗಿದಳು. ಆ ಮುಖವನ್ನು ಚೆನ್ನಾಗಿ ನೋಡಿದಳು. ತನ್ನ ಮುಖವನ್ನೂ ನೋಡಲು ಬಿಟ್ಟಳು. ಮಿಸೆಸ್ ಹಾಲೋವೇಯ ಬಾಯಿ ಮೆಲ್ಲಗೆ ತೆರೆದುಕೊಂಡಿತು.

"ಹೇಳು ಮಗಳೇ ಇವಳಿಗೆ," ಅಂದಳು ರೆಮೇದಿಯೋಸ್, ಕಣ್ಣು ತೆಗೆಯದೆ. "ನಮ್ ಹತ್ರ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ದೆ ಮಾಡುದ್ರೆ ತಪ್ಪು. ನಾವು ಕಾನೂನು ಮುರಿಯೋ ಜನ ಅಲ್ಲ."

ಹೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಇಂಗ್ಲಿಷ್ ನನ್ನ ಬಾಯಿಂದ ಬಂದದ್ದಿಲ್ಲ.

ರೆಮೇದಿಯೋಸ್ ಕಾರಿನ ತಲೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದಳು, ನಿಂತ ಗಾಡಿಯನ್ನು ಮುಂದಕ್ಕೆ ಕಳಿಸುವ ಹಾಗೆ. ಗಾಜು ಏರಿತು. ಕಾರು ಬೆಟ್ಟದ ಕಡೆ ಹೋಯಿತು. ಅದು ತಿರುವು ದಾಟುವ ಮುಂಚೆಯೇ ಮೊದಲ ಹನಿ ಬಿತ್ತು.

ಆಮೇಲೆ ಸುರಿಯಿತು. ಹಗಲೆಲ್ಲ ಸುರಿಯಿತು, ವಾರವೆಲ್ಲ ಸುರಿಯಿತು. ಬೆಟ್ಟದ ಮೇಲಿನ ಆ ಮನೆಯ ಪ್ಲಾಸ್ಟಿಕ್ಕು ಹಾರಿಹೋಗಿ ಮೇಲಿನ ಮಹಡಿಯಿಂದ ಕೆಳಗಿನ ಮಹಡಿಗೆ, ಕೆಳಗಿನ ಮಹಡಿಯಿಂದ ಆ ಕಲ್ಲುಹಾಸಿಗೆ ನೀರು ಹರಿಯಿತು. ಇದರಲ್ಲಿ ಮಾತ್ರ ನಾನು ಒಂದು ಹನಿಯನ್ನೂ ಸೇರಿಸಿಲ್ಲ.